ಎಡಗಡೆ ಖಾಲಿ ಬಿಟ್ಟ ಚೀಟಿ

ಇಸವಿ ೨೨೧೪, ನಡುದಿಂಗಳು, ಮೂವತ್ತೈದನೇ ತಾರೀಖು
ಏಳುಸುತ್ತಿನ ಮೇಲ್ದಂಡೆ

ದಾಕ್ಷಾಯಣೀ ಯವ್ವಾ,

ತಾರೀಖು ನೋಡಿ ಕಣ್ಣು ತಿಕ್ಕಿಕೊಳ್ಳಬೇಡ. ನಮ್ಮಲ್ಲಿ ತಿಂಗಳಿಗೆ ಮೂವತ್ತಾರು ದಿನ, ವರ್ಷಕ್ಕೆ ಹತ್ತು ತಿಂಗಳು. ಮಿಕ್ಕ ಐದು ದಿನ ಯಾವ ತಿಂಗಳಿಗೂ ಸೇರದೆ, ತವರೂ ಇಲ್ಲದ ಅತ್ತೆಮನೆಯೂ ಇಲ್ಲದ ಹೆಣ್ಣಿನ ಹಾಗೆ ವರ್ಷದ ಕೊನೆಗೆ ಕೂತಿರುತ್ತವೆ. ನೀನು ನನ್ನ ಅಜ್ಜಿಯ ಮುತ್ತಜ್ಜಿ. ಆ ಲೆಕ್ಕಕ್ಕೆ ನಿನಗೆ ತಾವು ಅನ್ನಬೇಕು, ಕಾಲಿಗೆ ಬೀಳಬೇಕು. ಆದರೆ ಈ ಕಾಗದ ನಿನ್ನ ಕೈ ಸೇರುವಾಗ ನಿನಗೆ ಇಪ್ಪತ್ತಾರು, ಬರೆಯುತ್ತಿರುವ ನನಗೆ ಎಪ್ಪತ್ತನಾಲ್ಕು. ಇಪ್ಪತ್ತಾರರ ಹುಡುಗಿಗೆ ತಾವು ಗೀವು ಅನ್ನಲು ನನ್ನ ನಾಲಿಗೆ ಹೊರಳುವುದಿಲ್ಲ. ಯವ್ವಾ ಅನ್ನುತ್ತೇನೆ, ಅದು ಹಿರಿಯರಿಗೂ ನಡೆಯುತ್ತದೆ, ಮೊಮ್ಮಕ್ಕಳಿಗೂ ನಡೆಯುತ್ತದೆ. ನನ್ನ ಮಾತಿನಲ್ಲಿ ನಿನಗೆ ತಿಳಿಯದ ಶಬ್ದ ಬಂದರೆ ತಪ್ಪು ತಿಳಿಯಬೇಡ, ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ. ಬೈಗುಳ ಬಂದರೆ ಬಿಡಿಸಿ ಹೇಳುವುದಿಲ್ಲ. ಬೈಗುಳ ನಿಮ್ಮ ಕಾಲದ್ದೇ, ಚೂರೂ ಬದಲಾಗದೆ ಉಳಿದ ವಸ್ತು ಅದೊಂದೇ.

ಈ ಥರದ ಕಾಗದಕ್ಕೆ ನಾವು ಹಿಂದೋಲೆ ಅನ್ನುತ್ತೇವೆ, ಹಿಂದಕ್ಕೆ ಹೋಗುವ ಓಲೆ. ಒಂದು ಮನೆತನಕ್ಕೆ ಒಂದೇ ಸಲ. ಹೇಗೆ ಹೋಗುತ್ತದೆ ಅಂತ ಕೇಳಬೇಡ, ಹಿಂದೋಲೆ ಕಟ್ಟೆಯ ಮೇಲೆ ಮುದ್ರೆ ಹಿಡಿದು ಕೂತ ಹುಡುಗಿಗೇ ಗೊತ್ತಿಲ್ಲ. ಮೊದಮೊದಲು ಜನ ತಮ್ಮ ಹಿರಿಯರಿಗೆ ಆ ಹೊಲ ಮಾರಬೇಡ, ಆ ಗಂಡನ್ನು ಮದುವೆಯಾಗಬೇಡ ಅಂತ ಬರೆದು ಬರೆದು, ಅರ್ಧ ಊರಿನ ಜನ ಹುಟ್ಟುವುದೇ ತಪ್ಪಿಹೋಗುವ ಹಾಗಾಯಿತಂತೆ. ಈಗ ಅನುಮತಿ ಇರುವುದು ಒಂದಕ್ಕೇ: ನಿನ್ನ ಮನೆತನದವರ ಕೈಬರಹದಲ್ಲಿ ತಪ್ಪು ಉಳಿದಿದ್ದರೆ ಅದನ್ನು ತಿದ್ದಿಸಬಹುದು. ಒಂದು ಶಬ್ದ, ಅಷ್ಟೇ. ನಮ್ಮ ಮನೆತನದ ಆ ಒಂದು ಸಲವನ್ನು ನಾನು ಇವತ್ತು ನಿನ್ನ ಮೇಲೆ ಮುಗಿಸುತ್ತಿದ್ದೇನೆ. ಸಿಟ್ಟಿನಿಂದಲೇ ಮುಗಿಸುತ್ತಿದ್ದೇನೆ. ನಿನ್ನ ಮೇಲೆ ಅರ್ಧ ಸಿಟ್ಟು, ಇಲ್ಲಿನವರ ಮೇಲೆ ಒಂದೂವರೆ.

ನನ್ನ ಹೆಸರು ಫಕೀರವ್ವ. ಊರ ಶಾಲೆಯಲ್ಲಿ ನಾಲ್ಕನೇ ಇಯತ್ತೆ ಮುಗಿಸಿ, ಐದನೆಯದಕ್ಕೆ ಹೆಸರು ಹಚ್ಚುವ ಮೊದಲೇ ಬಿಟ್ಟವಳು. ನನ್ನ ಕೆಲಸ ಕಾಲಳತೆ. ಹೊಸ ಗಾಡಿ ತಯಾರಾದರೆ ಅದರ ಬ್ರೇಕನ್ನು ಮನುಷ್ಯರ ಕಾಲೊಂದು ತುಳಿದು ನೋಡಲೇಬೇಕು ಅಂತ ಹಳೆಯ ಕಾಯಿದೆ ಇದೆ. ಆ ಕಾಲು ನನ್ನದು, ನಲವತ್ತೊಂದು ವರ್ಷದಿಂದ. ತುಳಿದು ನೋಡಿ, ಸರಿ ಅನ್ನಿಸಿದರೆ ಬಲಗಾಲಿಗೆ ನೀಲಿ ಶಾಯಿ ಹಚ್ಚಿಕೊಂಡು ಕಾಗದದ ಮೇಲೆ ಊರುತ್ತೇನೆ. ಅದಕ್ಕೆ ಕಾಲೊತ್ತು ಅನ್ನುತ್ತಾರೆ. ಕಾಲೊತ್ತು ಬೀಳದ ಗಾಡಿ ಏಳುಸುತ್ತಿನ ಘಟ್ಟದ ದಾರಿ ಇಳಿಯುವಂತಿಲ್ಲ. ನನ್ನ ಪಾದದ ನೀಲಿ ಮಕ್ಕಳ ಮದುವೆ ಮಂಟಪದಲ್ಲೂ ಹೋಗಿರಲಿಲ್ಲ, ಮಣ್ಣಿಗೆ ಹೋಗುವಾಗಲೂ ಹೋಗುವುದಿಲ್ಲ.

ಗಾಡಿ ಅಂದರೆ ನೀನು ಕೆಲಸಕ್ಕೆ ಹೋಗಿಬರುವ ಕಂಪನಿ ಬಸ್ಸನ್ನು ನೆನೆಸಿಕೊಳ್ಳಬೇಡ. ನಮ್ಮದು ಓಣಿಗಾಡಿ. ಆಚೆ ಆರು ಮನೆ, ಈಚೆ ಆರು ಮನೆ, ನಡುವೆ ಓಣಿ, ಕೆಳಗೆ ನಲವತ್ತೆಂಟು ಗಾಲಿ. ಮೇಲಿನ ಬಯಲಲ್ಲಿ ಜೋಳ ಕೊಯ್ದು ಮುಗಿದ ಮೇಲೆ ಓಣಿಗೆ ಓಣಿಯೇ ಏಳುಸುತ್ತು ಇಳಿದು ಉಪ್ಪಿನ ಕೆಲಸಕ್ಕೆ ಸಮುದ್ರದ ಅಂಚಿಗೆ ಹೋಗುತ್ತದೆ, ಮಳೆ ಹನಿಯುವ ಮೊದಲು ಏರಿ ಬರುತ್ತದೆ. ಇಳಿಯಲು ಒಂಬತ್ತು ತಾಸು ಬೇಕು. ಆ ಒಂಬತ್ತು ತಾಸಿನಲ್ಲಿ ಒಲೆ ಉರಿಯುತ್ತಿರುತ್ತದೆ, ರೊಟ್ಟಿ ಬಡಿಯುತ್ತಿರುತ್ತಾರೆ, ಕೂಸುಗಳಿಗೆ ಎರೆಯುತ್ತಿರುತ್ತಾರೆ, ನಿನ್ನ ಬಚ್ಚಲ ನೀರು ನನ್ನ ಹೊಸ್ತಿಲಿಗೆ ಬಂತು ಅಂತ ಜಗಳ ನಡೆದಿರುತ್ತದೆ. ಹಳೆಯ ಗಾಡಿಗಾರ್ತಿಯರು, ಅಂದರೆ ಗಾಡಿ ನಡೆಸುವ ಹೆಂಗಸರು, ಮುಂದಿನ ಮನೆಯ ಹೊಸ್ತಿಲ ಮೇಲೆ ಒಂದು ತಂಬಿಗೆ ಮಜ್ಜಿಗೆ ಇಡಿಸುತ್ತಿದ್ದರು. ಏಳನೇ ಸುತ್ತು ಮುಗಿದಾಗ ತಂಬಿಗೆ ತುಳುಕಿರದಿದ್ದರೆ ಆ ಮಜ್ಜಿಗೆಯನ್ನು ಗಾಡಿಗಾರ್ತಿಯೇ ಕುಡಿಯಬೇಕು. ತುಳುಕಿದ್ದರೆ ಓಣಿಯವರೆಲ್ಲ ಸೇರಿ ಬೈಯುತ್ತಿದ್ದರು. ಅದು ಪರೀಕ್ಷೆ. ಕಾಲಿಗೂ ಗಾಲಿಗೂ ಮಾತುಕತೆ ಇದ್ದ ಕಾಲ.

ಈಗಿನದನ್ನು ಹೇಳಲು ನನಗೆ ಹೇಸಿಗೆ ಬರುತ್ತದೆ. ಒಳಗೆ ಕೂತವರಿಗೆ ಇಳಿಜಾರು ಇಳಿಜಾರು ಅನ್ನಿಸಬಾರದಂತೆ. ಬ್ರೇಕಿನ ಸಪ್ಪಳ ಮುಚ್ಚಲು ಕೊಳಲಿನ ಸಪ್ಪಳ ಬಿಡುತ್ತಾರೆ. ಗಾಲಿಯನ್ನು ಉಜ್ಜಿ ಹಿಡಿಯುವ ಲೈನರ್ ಕಾದ ವಾಸನೆ ಮುಚ್ಚಲು ಮಲ್ಲಿಗೆ ವಾಸನೆ ಬಿಡುತ್ತಾರೆ. ಥೂ! ಲೈನರ್ ಕಾದ ವಾಸನೆ ಅಂದರೆ ಗಾಡಿ ಬಾಯಿ ಬಿಟ್ಟು ಅಳುವುದು. ಅಳುವ ಬಾಯಿಗೆ ಹೂವು ತುರುಕುವವರನ್ನು ಏನನ್ನಬೇಕು? ಗಾಲಿ ಜಾರಿದಾಗ ನಿಮ್ಮ ಗಾಡಿಗಳಲ್ಲಿ ಪೆಡಲು ಕಾಲಿಗೆ ಗಡಗಡ ಒದೆಯುತ್ತದೆ ಅಂತ ನನ್ನ ಅಜ್ಜಿ ಹೇಳುತ್ತಿದ್ದಳು. ಅದು ಒರಟು ಅಂತ ಅದನ್ನೂ ತೆಗೆದರು. ಪೆಡಲಿಗೆ ರೇಷ್ಮೆ ಹೊದಿಸಿ ಹಿಂದೆ ಮೆತ್ತೆ ಇಟ್ಟಿದ್ದಾರೆ. ತುಳಿದರೆ ಉಬ್ಬಿದ ಹಿಟ್ಟು ತುಳಿದ ಹಾಗೆ. ನನ್ನ ಕಾಲಿಗೆ ಅಸಹ್ಯವಾಗಿ ಮನೆಗೆ ಹೋದ ಮೇಲೆ ತೊಳೆದುಕೊಳ್ಳುತ್ತೇನೆ. ಇನ್ನೂ ಹೊಲಸು ಸಂಗತಿ ಕೇಳು. ಆಯುಧಪೂಜೆಯ ದಿನ ಹಳೇ ಬ್ರೇಕ್ ಎಣ್ಣೆಯನ್ನು ಬೆಳ್ಳಿ ಬಟ್ಟಲಲ್ಲಿಟ್ಟು ಹಣೆಗೆ ಹಚ್ಚುತ್ತಾರೆ. ಬಿದ್ದರೆ ಗಾಡಿಯ ಬಣ್ಣವನ್ನೇ ಕಿತ್ತು ತೆಗೆಯುವ ಎಣ್ಣೆ! ಬಿಟ್ಟಲ್ಲಿ ಗಾಳಿಯ ತೇವ ಕುಡಿದು ಕೆಡುವ ಎಣ್ಣೆ! ಅದನ್ನು ವರ್ಷಕ್ಕೊಮ್ಮೆ ಚೆಲ್ಲಿ ಹೊಸದು ಹಾಕ್ರೋ, ಕೊಳವೆಯ ಗಾಳಿ ತೆಗೀರೋ ಅಂದರೆ, ಹಳೇ ಎಣ್ಣೆಯಲ್ಲಿ ಹಿರಿಯರ ಸ್ಪರ್ಶ ಇದೆ ಅನ್ನುತ್ತಾರೆ. ಹಿರಿಯರ ಸ್ಪರ್ಶ ಅಲ್ಲ, ಹಿರಿಯರ ಕೊಳೆ.

ಇದಕ್ಕೆಲ್ಲ ಮೂಲ ನೀನು, ಯವ್ವಾ. ಅರ್ಧ ಸಿಟ್ಟು ಅಂದೆನಲ್ಲ, ಅದು ಇಲ್ಲಿ ಶುರು.

ನಿಮ್ಮ ಕಾಲದವರು ನಕ್ಷೆ, ಪುಸ್ತಕ, ಅಳತೆ ಎಲ್ಲವನ್ನೂ ಮೋಡದಲ್ಲಿ ಇಟ್ಟಿದ್ದರಂತೆ. ಮೋಡದಲ್ಲಿಟ್ಟದ್ದು ಒಂದು ದಿನ ಮಳೆಯಾಗದೆ ಇನ್ನೇನಾಗುತ್ತದೆ? ನನ್ನ ಅಜ್ಜಿ ಕೂಸಾಗಿದ್ದಾಗ ಎಲ್ಲ ಹೋಯಿತು, ಹೇಗೆ ಹೋಯಿತು ಅಂತ ಹೇಳುವ ಪುಸ್ತಕವೂ ಅದರ ಜೊತೆಯೇ ಹೋಯಿತು. ಮೂವತ್ತು ವರ್ಷ ಯಾರಿಗೂ ಬ್ರೇಕು ಮಾಡಲು ಬರಲಿಲ್ಲ, ಜನ ಇಳಿಜಾರಿಗೆ ಬೆನ್ನು ಹಾಕಿ ಬದುಕಿದರು. ಆಮೇಲೆ ಧಾರವಾಡದ ಕಡೆ ಪಾಳುಬಿದ್ದ ಬ್ರೇಕ್ ಕಾರ್ಖಾನೆಯೊಂದನ್ನು ಬಗೆದಾಗ ತುಕ್ಕು ಹಿಡಿದ ಮೇಜೊಂದು ಸಿಕ್ಕಿತು. ಅದರ ಮೇಲೆ ಏಳೆಂಟು ಪದರ ಟೇಪಿನ ಕೆಳಗೆ ಒಂದು ಚೀಟಿ. ನೀಲಿ ಬಾಲ್‌ಪೆನ್ನು, ದುಂಡನೆಯ ಅಕ್ಷರ: ಕರೆಂಟ್ ಬಂದ್ ಆದಾಗ ಬಂದ್ ಇರಬೇಕು. ಕೆಳಗೆ ಸಣ್ಣದಾಗಿ, ದಾಕ್ಷಾಯಣಿ.

ಅದು ನಿನ್ನ ಚೀಟಿ. ಊಟ ಮಾಡಿ ಬಂದ ಮೇಲೆ ಹೊಸ ಹುಡುಗಿಯರು ಮರೆಯುತ್ತಾರೆ ಅಂತ ನೀನು ಬರೆದು ಅಂಟಿಸಿದ್ದು. ನೀನು ಮಗಳಿಗೆ ಹೇಳಿದೆ, ಅವಳು ಅವಳ ಮಗಳಿಗೆ ಹೇಳಿದಳು, ಹಾಗೇ ನನ್ನವರೆಗೆ ಬಂತು. ಇಲ್ಲಿನ ಗಾಡಿ ಕಾರ್ಖಾನೆಯವರಿಗೆ ಬ್ರೇಕಿನ ಬಗ್ಗೆ ಕೈಯಲ್ಲಿ ಬರೆದು ಉಳಿದ ಮಾತು ಅದೊಂದೇ. ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಕುಂಕುಮ ಹಚ್ಚಿದರು. ಅದರ ಮೇಲೆ ಕಾಯಿದೆ ಕಟ್ಟಿದರು. ಕಾಗದದ ಬೆನ್ನಿಗೆ ನಿಮ್ಮ ಕ್ಯಾಂಟೀನಿನ ತಿಂಡಿಯ ಪಟ್ಟಿ ಇತ್ತು, ಮಂಗಳವಾರ ಸುಸಲಾ, ಬುಧವಾರ ಉಪ್ಪಿಟ್ಟು ಅಂತ. ಇವತ್ತಿಗೂ ಏಳುಸುತ್ತಿನ ಮೇಲ್ದಂಡೆಯಲ್ಲಿ ಮಂಗಳವಾರ ಸುಸಲಾ ಬಿಟ್ಟು ಬೇರೆ ತಿಂಡಿ ಮಾಡಿದರೆ ಓಣಿಯ ಹಿರಿಯರು ಬಂದು ಕೇಳುತ್ತಾರೆ. ಎಪ್ಪತ್ತು ವರ್ಷ ಮಂಗಳವಾರ ಮಂಗಳವಾರ ಚುರುಮುರಿ ನೆನೆಸಿ ತಿಂದಿದ್ದೇನೆ ಯವ್ವಾ. ನಿನ್ನ ಕ್ಯಾಂಟೀನಿನವನ ಕೈ ಸೇದಿಹೋಗಲಿ.

ಈಗ ಬಾಗಿಲುಗಳ ಮಾತು, ನೀವು ವಾಲ್ವು ಅನ್ನುವುದು. ನಿನಗೆ ಇದನ್ನು ಹೇಳುವ ಅಗತ್ಯ ಇಲ್ಲ, ದಿನಕ್ಕೆ ನೂರಾರು ವಾಲ್ವು ನಿನ್ನ ಬೆರಳ ಕೆಳಗೇ ಹೋಗುತ್ತವೆ. ಆದರೆ ಕಟ್ಟೆಯ ಹುಡುಗಿ ಓದಿ ತಿಳಿದ ಮೇಲೆಯೇ ಮುದ್ರೆ ಒತ್ತುವುದು, ಅವಳಿಗೆ ಏನೂ ತಿಳಿಯದು, ಅದಕ್ಕೆ ಬಿಡಿಸಿ ಬರೆಯುತ್ತೇನೆ. ಕಾಲು ತುಳಿಯುತ್ತದೆ. ತುಳಿತ ಎಣ್ಣೆಯನ್ನು ನೂಕುತ್ತದೆ. ಎಣ್ಣೆ ಕೊಳವೆಯಲ್ಲಿ ಹೋಗಿ ಗಾಲಿಯನ್ನು ಹಿಡಿಯುತ್ತದೆ. ನಡುವೆ ಒಂದು ಪೆಟ್ಟಿಗೆ, ಅದರಲ್ಲಿ ಗಾಲಿಗೊಂದರಂತೆ ಎರಡು ಬಗೆಯ ಬಾಗಿಲು. ಕಾಲಿನ ಎಣ್ಣೆಯನ್ನು ಗಾಲಿಗೆ ಬಿಡುವುದು ಒಳಬಾಗಿಲು, ನೀವು ಇನ್‌ಲೆಟ್ ಅನ್ನುವುದು. ಗಾಲಿ ಬಿಗಿದು ಜಾರತೊಡಗಿದರೆ ಹೆಚ್ಚಿನ ಎಣ್ಣೆಯನ್ನು ಆಚೆ ಬಿಡುವುದು ಹೊರಬಾಗಿಲು, ನಿಮ್ಮ ಔಟ್‌ಲೆಟ್. ಆಚೆ ಬಿಟ್ಟದ್ದನ್ನು ಮತ್ತೆ ಎತ್ತಿ ಕೊಡುವುದು ಪಂಪು. ಕರೆಂಟು ಇರುವಷ್ಟು ಹೊತ್ತು ಇವೆಲ್ಲ ಕುಣಿಯುತ್ತವೆ. ಹೋದಾಗ? ಬುದ್ಧಿ ಇರುವುದು ಅಲ್ಲಿ. ಕರೆಂಟು ಹೋದಾಗ ಒಳಬಾಗಿಲನ್ನು ಸ್ಪ್ರಿಂಗು ತೆರೆದಿಡಬೇಕು, ಹೊರಬಾಗಿಲನ್ನು ಸ್ಪ್ರಿಂಗು ಮುಚ್ಚಿಡಬೇಕು. ಆಗ ಪೆಟ್ಟಿಗೆ ಸತ್ತರೂ ಕಾಲಿನಿಂದ ಗಾಲಿಯವರೆಗೆ ದಾರಿ ಇರುತ್ತದೆ, ಹೋದ ಎಣ್ಣೆ ಸೋರುವುದೂ ಇಲ್ಲ. ಮನೆಯ ಯಜಮಾನ ಸತ್ತ ದಿನವೂ ಮುಂಬಾಗಿಲು ತೆರೆದಿರಬೇಕು, ಹಿತ್ತಲ ಬಾಗಿಲು ಹಾಕಿರಬೇಕು. ಇದನ್ನು ತಿಳಿಯಲು ಐದನೇ ಇಯತ್ತೆ ಬೇಕಿಲ್ಲ.

ನೀನು ಕೂರುವುದು ಹೊರಬಾಗಿಲಿನ ಮೇಜಿಗೆ. ನಿನ್ನ ಮೇಜಿಗೆ ನಿನ್ನ ಮಾತು ಸರಿ. ಕರೆಂಟ್ ಬಂದ್ ಆದಾಗ ನಿನ್ನ ಬಾಗಿಲು ಬಂದ್ ಇರಬೇಕು. ಯಾವ ಬಾಗಿಲು ಅಂತ ನೀನು ಬರೆಯಲಿಲ್ಲ. ಯಾಕೆ ಬರೆಯುತ್ತೀ, ನಿನ್ನ ಮೇಜಿನ ಮೇಲೆ ಬೇರೆ ಬಾಗಿಲೇ ಇಲ್ಲ. ಅಡುಗೆಮನೆಯಲ್ಲಿ ನಿಂತು ಉಪ್ಪು ಹಾಕು ಅಂದರೆ ಯಾವ ಗಡಿಗೆಗೆ ಅಂತ ಹೇಳಬೇಕಾಗುವುದಿಲ್ಲ. ಆದರೆ ಆ ಮಾತನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ನೂರು ಅಡುಗೆಮನೆಗೆ ಹಂಚಿದರೆ ಪಾಯಸಕ್ಕೂ ಉಪ್ಪು ಬೀಳುತ್ತದೆ.

ಮೇಲಾಗಿ ಬರೆದ ಶಬ್ದವಾದರೂ ಯಾವುದು? ಬಂದ್! ನಲ್ಲಿ ಬಂದ್ ಅಂದರೆ ಮುಚ್ಚಿದ್ದು. ದೀಪ ಬಂದ್ ಅಂದರೆ ಆರಿದ್ದು. ಗಾಡಿ ಬಂದ್ ಅಂದರೆ ನಿಂತದ್ದು. ಅಂಗಡಿ ಬಂದ್ ಅಂದರೆ ಅವನು ಮಾವನ ಮನೆಗೆ ಹೋಗಿದ್ದು. ನಿಮ್ಮ ಕಾಲದಲ್ಲಿ ಊರಿಗೆ ಊರೇ ಬಂದ್ ಆಗುತ್ತಿತ್ತಂತೆ, ಅದು ಮುಚ್ಚಿದ್ದೋ ಆರಿದ್ದೋ ನಿಂತದ್ದೋ ನನಗೆ ಗೊತ್ತಿಲ್ಲ. ಒಂದೇ ಶಬ್ದವನ್ನು ಇಷ್ಟು ಕೆಲಸಕ್ಕೆ ದುಡಿಸಿದರೆ ಅದು ಯಾರ ಮನೆಗೂ ನಿಯತ್ತಾಗಿ ಇರುವುದಿಲ್ಲ. ನಮ್ಮ ಓಣಿಯ ಮುದುಕರು ಚೀಟಿಗೆ ಕೈ ಮುಗಿಯುವಾಗ ತಿಳಿದಿರುವ ಅರ್ಥ, ಕರೆಂಟು ಹೋದರೆ ಗಾಡಿ ತಾನೇ ನಿಲ್ಲುತ್ತದೆ ಅಂತ. ಅವರಿಗೆ ಅದು ಅಭಯ. ಕೂಸಿಗೆ ಲಾಲಿ ಹಾಡುವಾಗಲೂ ಅದನ್ನೇ ಹಾಡುತ್ತಾರೆ.

ಇಷ್ಟು ದಿನ ಹೇಗೋ ನಡೆಯಿತು. ಎಂಟನೇ ಮಾದರಿಯವರೆಗೆ ಗಾಡಿ ಕಟ್ಟಿದವರು ಚೀಟಿಗೆ ಕೈ ಮುಗಿದು, ಬೆನ್ನು ತಿರುಗಿಸಿ, ಒಳಬಾಗಿಲನ್ನು ಸುಮ್ಮನೆ ತೆರೆದೇ ಬಿಡುತ್ತಿದ್ದರು. ಕೈ ಕಪ್ಪಾದ ಜನ, ಅವರಿಗೆ ಗೊತ್ತಿತ್ತು. ಹೋದ ವರ್ಷ ನಾಲ್ಕನೇ ಸುತ್ತಿನಲ್ಲಿ ಇಲಿಯೊಂದು ತಂತಿ ಕಡಿದು ಒಂದು ಓಣಿಗಾಡಿಯ ಕರೆಂಟು ಹೋಯಿತು. ಗಾಡಿಗಾರ್ತಿ ಎರಡೂ ಕಾಲೂರಿ ತುಳಿದಳು, ಎಣ್ಣೆ ತೆರೆದ ಬಾಗಿಲಲ್ಲಿ ಹೋಯಿತು, ಗಾಡಿ ನಿಂತಿತು. ಒಳಗೆ ರೊಟ್ಟಿ ಬಡಿಯುತ್ತಿದ್ದವಳಿಗೆ ಗೊತ್ತೂ ಆಗಲಿಲ್ಲ. ಗೊತ್ತಾದದ್ದು ಇಲಿಗೆ ಮಾತ್ರ, ಪಾಪ.

ಈಗ ಅಮೋಘ ಅನ್ನುವ ಹಿರಿತಜ್ಞ ಬಂದಿದ್ದಾನೆ. ಕೈ ಹೂವಿನಂಥದು, ಉಗುರಿನಲ್ಲಿ ಒಂದು ದಿನ ಕಪ್ಪು ಕಂಡಿಲ್ಲ. ಒಂಬತ್ತನೇ ಮಾದರಿ ಅವನದು. ಇಷ್ಟು ವರ್ಷ ನಾವು ಚೀಟಿಗೆ ದ್ರೋಹ ಮಾಡಿದ್ದೇವೆ ಅಂದ. ಎರಡೂ ಬಾಗಿಲಿಗೆ ಒಂದೇ ಬಗೆಯ ಸ್ಪ್ರಿಂಗು ಹಾಕಿದ. ಒಂದೇ ಅಚ್ಚು ಸಾಕು, ಒಂದೇ ಮೇಜು ಸಾಕು, ಚೀಟಿಯ ಮಾತೂ ಉಳಿಯಿತು. ಕರೆಂಟು ಹೋದರೆ ಒಳಬಾಗಿಲೂ ಬಂದ್, ಹೊರಬಾಗಿಲೂ ಬಂದ್. ಅವನ ಗಾಡಿಯಲ್ಲಿ ಕಾಲು ಬರೀ ಅರ್ಜಿ ಹಾಕುತ್ತದೆ, ಪಂಪು ಮಂಜೂರು ಮಾಡುತ್ತದೆ. ಪಂಪು ಮಲಗಿದರೆ ಅರ್ಜಿ ತೆಗೆದುಕೊಳ್ಳುವವರೇ ಇಲ್ಲ. ನಾನು ಇದನ್ನೆಲ್ಲ ಕೇಳಿದಾಗ ಅವನು ನಗುತ್ತಾ, ಅಜ್ಜಿ, ಈಗ ಕರೆಂಟು ಹೋಗುವುದೇ ಇಲ್ಲ ಅಂದ. ಇಲಿಗೆ ಹೇಳಿದ್ದೀಯೇನಪ್ಪಾ ಅಂದೆ.

ಆ ಗಾಡಿಯನ್ನು ಮೊದಲ ಸಲ ಇಳಿಸುವವಳು ನನ್ನ ಮೊಮ್ಮಗಳು ಸಂಕವ್ವ. ವಯಸ್ಸು ಇಪ್ಪತ್ತೆರಡು. ಏಳುಸುತ್ತಿನಲ್ಲಿ ಅವಳಷ್ಟು ಹಗುರ ಕಾಲಿನವಳು ಇನ್ನೊಬ್ಬಳಿಲ್ಲ, ಹಳೆಯವರ ಹಾಗೆ ತಂಬಿಗೆ ಇಟ್ಟು ಮೂರು ವರ್ಷ ಮಜ್ಜಿಗೆ ಕುಡಿದವಳು. ಒಂಬತ್ತನೇ ಮಾದರಿ ಅವಳಿಗೆ ಸಿಕ್ಕಿತು ಅಂತ ಓಣಿಯಲ್ಲೆಲ್ಲ ಕುಣಿದಿದ್ದಳು. ನಾನು ತಕರಾರು ತೆಗೆದ ದಿನ ಎಲ್ಲರ ಮುಂದೆ, ಆಯೀ, ವಾತ ಹಿಡದದ್ದು ನಿನ್ನ ಕಾಲಿಗೆ, ಗಾಡಿಗಲ್ಲ ಅಂದಳು. ಅಮೋಘ ನಕ್ಕ, ಮುದುಕರು ನಕ್ಕರು. ಹಾಗಾದರೆ ನಿನ್ನ ಕಾಲೇ ನೋಡಲಿ, ಬಾ ಅಂದೆ.

ಕಾಲಳತೆ ಅಂಗಳದಲ್ಲಿ ಒಂದು ಇಳಿಜಾರು ಇದೆ, ಕೊನೆಗೆ ಉಸುಕಿನ ಗುಂಡಿ. ಮೊನ್ನೆ ಬೆಳಿಗ್ಗೆ ಖಾಲಿ ಗಾಡಿ ಹತ್ತಿದೆವು. ಅವಳು ಮುಂದೆ ಪೆಡಲಿಗೆ, ನಾನು ಹಿಂದೆ ಕರೆಂಟಿನ ಕೊಂಡಿಯ ಹತ್ತಿರ.

ನಡುವೆ ಎಲ್ಲೋ ಕೊಂಡಿ ಕೀಳುತ್ತೇನೆ ಅಂತ ಮೊದಲೇ ಹೇಳಿದ್ದೆ. ಕೀಳು, ಬಂದ್ ಆದರ ನಿಲ್ತೈತಿ, ಚೀಟ್ಯಾಗ ಐತಿ ಅಂದಳು. ಅರ್ಧ ಇಳಿದಾಗ ಕಿತ್ತೆ. ಕೊಳಲು ನಿಂತಿತು. ಮಲ್ಲಿಗೆ ವಾಸನೆ ನಿಂತಿತು. ಗಾಡಿ ಮಾತ್ರ ನಿಲ್ಲಲಿಲ್ಲ. ಅವಳು ಒಂದು ಕಾಲಿಂದ ತುಳಿದಳು, ಎರಡು ಕಾಲಿಂದ ತುಳಿದಳು, ಸೀಟಿಗೆ ಬೆನ್ನು ಕೊಟ್ಟು ನಿಂತೇ ತುಳಿದಳು. ಮುಚ್ಚಿದ ಬಾಗಿಲ ಹಿಂದೆ ಸಿಕ್ಕಿದ ಎಣ್ಣೆ ಬಂಡೆಯ ಹಾಗೆ, ತುಳಿದರೆ ಪಾದ ನೋಯುತ್ತದೆ, ಗಾಲಿಗೆ ಸುದ್ದಿ ಮುಟ್ಟುವುದಿಲ್ಲ. ನಲವತ್ತೆಂಟು ಗಾಲಿ ತಮ್ಮ ಪಾಡಿಗೆ ತಾವು ಹೋಗಿ ಉಸುಕಿನಲ್ಲಿ ಅಚ್ಚಿನವರೆಗೆ ಹೂತವು. ನನ್ನ ಮೊಣಕೈ ತರಚಿತು. ಅವಳು ಇಳಿದು ಬಂದು ಉಸುಕಿನ ಮೇಲೆ ಕೂತು ತನ್ನ ಪಾದವನ್ನೇ ನೋಡುತ್ತಾ, ಆಯೀ, ಬಂದ್ ಅಂದರ ಗಾಡಿ ನಿಲ್ತೈತಿ ಅಂತ ತಿಳಕೊಂಡಿದ್ದೆ, ಬಂದ್ ಆಗಿದ್ದು ನನ್ನ ಕಾಲು ಅಂದಳು.

ಆ ಮಾತನ್ನು ನಾನು ಅಮೋಘನಿಗೆ ಹೇಳಿದೆ. ಅವನು ತಲೆ ಅಲ್ಲಾಡಿಸಿ, ನೀವು ಕಿತ್ತಿರಿ, ಅದಕ್ಕೇ ಹೋಯಿತು, ಕೀಳದಿದ್ದರೆ ಹೋಗುತ್ತಿರಲಿಲ್ಲ ಅಂದ. ಕತ್ತು ಹಿಸುಕಿದ್ದಕ್ಕೆ ಸತ್ತ, ಇಲ್ಲದಿದ್ದರೆ ಚಿರಂಜೀವಿ ಅನ್ನುತ್ತೀಯಾ ಅಂದೆ. ಚೀಟಿ ಬರೆದದ್ದು ನಿಮ್ಮ ಮನೆಯವರೇ, ನೀವೇ ಅನುಮಾನ ಪಡುತ್ತೀರಾ ಅಂದ. ಅವಳು ಕೂತದ್ದು ಹೊರಬಾಗಿಲ ಮೇಜಿಗೆ ಕಣಪ್ಪಾ, ಬರೆದದ್ದು ಅದೊಂದಕ್ಕೇ ಅಂದೆ. ದಾಖಲೆ ಎಲ್ಲಿದೆ ಅಂದ. ಬಾಯಲ್ಲಿದೆ ಅಂದೆ. ಬಾಯಿ ದಾಖಲೆ ಅಲ್ಲ ಅಂದ. ಐದು ತಲೆಮಾರಿನ ಹೆಂಗಸರ ಬಾಯಿ ದಾಖಲೆ ಅಲ್ಲ, ಯಾರೋ ಅಡುಗೆಯವನು ಬರೆದ ಸುಸಲಾ ದಾಖಲೆ!

ಹೋಗಲಿ, ಅವನು ಒಬ್ಬ. ಓಣಿಯ ಹಿರಿಯರದು ನೋಡು, ಅದಕ್ಕಿಂತ ಹೇಸಿಗೆ. ನಿನ್ನ ಚೀಟಿಯಲ್ಲಿ ಎಡಗಡೆ ಎರಡು ಬೆರಳಗಲ ಜಾಗ ಖಾಲಿ ಇದೆ. ಆ ಜಾಗದ ಮೇಲೆ ಅವರು ಮೂರು ಪುಸ್ತಕ ಬರೆದಿದ್ದಾರೆ. ಒಬ್ಬ ಅದು ಬಯಲು ಅನ್ನುತ್ತಾನೆ, ಒಬ್ಬ ಮೌನ ಅನ್ನುತ್ತಾನೆ, ಒಬ್ಬ ಅಲ್ಲಿಗೆ ಹಣೆ ಮುಟ್ಟಿಸಿದರೆ ಬೆನ್ನುನೋವು ಹೋಗುತ್ತದೆ ಅನ್ನುತ್ತಾನೆ. ನನ್ನ ಅಜ್ಜಿ ಹೇಳಿದ್ದು ಬೇರೆ. ನೀನು ಮೊದಲು ಮೇಜಿನ ಹೆಸರು ಬರೆಯೋಣ ಅಂತಲೇ ಜಾಗ ಬಿಟ್ಟಿದ್ದೆಯಂತೆ. ಅಷ್ಟರಲ್ಲಿ ಊಟದ ಗಂಟೆ ಆಯಿತು, ಗೆಳತಿ ಕೈ ಹಿಡಿದು ಎಳೆದಳು, ಎದ್ದು ಹೋದೆ. ಬಂದ ಮೇಲೆ ಮರೆತೆ. ಮರೆಯಬಾರದು ಅಂತ ಬರೆಯುವ ಚೀಟಿಯನ್ನು ಬರೆಯುವಾಗಲೇ ಮರೆತೆ! ನಕ್ಕುಬಿಡು, ನಾನೂ ನಕ್ಕಿದ್ದೇನೆ. ನಲವತ್ತು ವರ್ಷ ಗಾಜಿನಾಚೆಯಿಂದ ಆ ಜಾಗ ನೋಡಿ ನೋಡಿ ನಕ್ಕಿದ್ದೇನೆ. ಮೊನ್ನೆ ಉಸುಕಿನಲ್ಲಿ ಕೂತ ಹುಡುಗಿಯ ಪಾದ ನೋಡಿದ ಮೇಲೆ ನಗು ಬರುತ್ತಿಲ್ಲ.

ನಾಡಿದ್ದು ಹೊಸ ತಿಂಗಳ ಒಂದನೇ ತಾರೀಖು. ಒಂಬತ್ತನೇ ಮಾದರಿ ಏಳುಸುತ್ತು ಇಳಿಯುವ ದಿನ. ಓಣಿ ನಮ್ಮದೇ, ಹನ್ನೆರಡು ಮನೆ, ಅರವತ್ತೊಂದು ಜನ, ಎರಡು ಎಮ್ಮೆ. ನಾನು ಕಾಲೊತ್ತು ಕೊಡುವುದಿಲ್ಲ ಅಂದಿದ್ದೇನೆ. ಕೊಡದಿದ್ದರೆ ಆ ಕಾಯಿದೆಯನ್ನೇ ತೆಗೆದು, ಮನುಷ್ಯರ ಕಾಲಿನ ಬದಲು ಉಕ್ಕಿನ ಕಾಲು ಇಡುತ್ತೇವೆ ಅಂದಿದ್ದಾರೆ. ಉಕ್ಕಿನ ಕಾಲಿಗೆ ಪಾದ ನೋಯುವುದಿಲ್ಲ, ಮೊಮ್ಮಗಳೂ ಇರುವುದಿಲ್ಲ. ನೀನಾದರೂ ಆ ಗಾಡಿ ಬಿಟ್ಟುಬಿಡು, ಒಲ್ಲೆ ಅನ್ನು ಅಂತ ಸಂಕವ್ವನಿಗೆ ಹೇಳಿದೆ. ನಾ ಒಲ್ಲೆ ಅಂದರ ಇನ್ನೊಬ್ಬಾಕಿ ಕೂಡ್ತಾಳ, ಆಕಿಗೆ ಇದು ಗೊತ್ತೂ ಇರಂಗಿಲ್ಲ, ನನಗ ಗೊತ್ತರ ಐತಿ ಅಂದಳು. ಇಪ್ಪತ್ತೆರಡು ವರ್ಷದ ಹುಡುಗಿ ಅಂಥ ಮಾತು ಆಡಬಾರದು. ಆಡಿಸಿದವರ ಮೇಲೆ ನನಗೆ ಉಗುಳು ಬರುತ್ತದೆ.

ಅಮೋಘನಿಗಿಂತ ದೊಡ್ಡವರು ಇಲ್ಲಿ ಯಾರೂ ಇಲ್ಲ, ನಿನ್ನ ಚೀಟಿಯೊಂದನ್ನು ಬಿಟ್ಟು. ಅದು ಹೇಳಿದರೆ ಮಾತ್ರ ಅವನು ಕೇಳುತ್ತಾನೆ. ಅದಕ್ಕೇ ನಿನ್ನ ಹತ್ತಿರ ಬಂದಿದ್ದೇನೆ. ಬೈದು ಮುಗಿಯಿತು, ಈಗ ಬೇಡುತ್ತಿದ್ದೇನೆ.

ನೀನು ತಿದ್ದಿದರೆ ನನಗೆ ಈ ಕಾಗದ ಬರೆದ ನೆನಪೂ ಉಳಿಯುವುದಿಲ್ಲ ಅಂತ ಕಟ್ಟೆಯ ಹುಡುಗಿ ಎಚ್ಚರಿಸಿದಳು. ಉಸುಕಿನ ಗುಂಡಿ, ಅವಳ ಬಾತ ಪಾದ, ಯಾವುದೂ ನಡೆದಿರುವುದಿಲ್ಲವಂತೆ. ಒಳ್ಳೆಯದೇ ಆಯಿತು. ನಾಡಿದ್ದು ಬೆಳಿಗ್ಗೆ ಪೂಜೆಗೆ ಗಾಜಿನ ಪೆಟ್ಟಿಗೆ ತೆಗೆಯುತ್ತಾರೆ. ನಾನು ಬಲಗಾಲಿಗೆ ಶಾಯಿ ಹಚ್ಚಿಕೊಂಡು, ಸುಸಲಾಕ್ಕೆ ಬೈಯುತ್ತಾ, ಏನೂ ಗೊತ್ತಿಲ್ಲದ ಸಾದಾ ಮುದುಕಿಯಾಗಿ ಸಾಲಿನಲ್ಲಿ ನಿಂತಿರುತ್ತೇನೆ. ಸಂಕವ್ವ ಹೊಸ್ತಿಲ ಮೇಲೆ ಮಜ್ಜಿಗೆ ತಂಬಿಗೆ ಇಡುತ್ತಿರುತ್ತಾಳೆ. ನನಗೆ ಅಷ್ಟು ಸಾಕು. ನನ್ನನ್ನು ನೀನು ನೆನೆಯಬೇಕಾಗಿಲ್ಲ, ಸುಸಲಾ ತಿನ್ನುವಾಗ ಒಂದು ಸಲ ಮುಖ ಹಿಂಡು, ಅದೇ ನನಗೆ ಸಂದಂತೆ.

ಈಗ ನಿನ್ನಲ್ಲಿ ಎಷ್ಟು ಗಂಟೆಯೋ ನನಗೆ ಗೊತ್ತಿಲ್ಲ. ಊಟದ ಗಂಟೆ ಆಗಿದ್ದರೆ ಆಗಲಿ. ಗೆಳತಿ ಕೈ ಎಳೆದರೆ ಒಂದು ಚಣ ತಾಳೇ ಅನ್ನು. ಪೆನ್ನು ನಿನ್ನ ಕೋಟಿನ ಜೇಬಿನಲ್ಲೇ ಇದೆ, ಚೀಟಿ ನಿನ್ನ ಎದುರಿಗೇ ಇದೆ, ಎಡಗಡೆ ಜಾಗ ನೀನೇ ಬಿಟ್ಟಿದ್ದೀ. ಆ ಶಬ್ದಕ್ಕೆ ಎರಡು ಬೆರಳಗಲ ಸಾಕು, ನಾನು ಅಳೆದು ನೋಡಿದ್ದೇನೆ. ಹೊರಬಾಗಿಲು ಅಂತ ಬರೆದು ಊಟಕ್ಕೆ ಹೋಗು, ಯವ್ವಾ.

ನಿನ್ನ ಮನೆಯವಳೇ,
ಫಕೀರವ್ವ
(ಸಹಿ ಹಾಕಲು ಚೆನ್ನಾಗಿ ಬರುವುದಿಲ್ಲ. ಕೆಳಗಿನ ನೀಲಿ ನನ್ನ ಹೆಬ್ಬೆರಳು, ಕಾಲಿನದು.)